ವಾರ್ಡಿಗೆ ನಿಲ್ಲುವ ಮುಂಚೆ: ಈ ಚರಂಡಿ ಯಾರದ್ದು?

2018ರ ಆಗಸ್ಟ್‌ನಲ್ಲಿ ಕಾವೇರಿ ಹೊಳೆ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿ ಇಳಿದ ಮೇಲೆ ಮನೆಗಳ ಗೋಡೆಯಲ್ಲಿ ಒಂದು ಕಂದು ಗೆರೆ ಉಳಿಯಿತು. ಕೆಲವು ಕಡೆ ಮೊಣಕಾಲಿಗೆ, ಕೆಲವು ಕಡೆ ಸೊಂಟಕ್ಕೆ. ಸುಣ್ಣ ಬಳಿದರೂ ವಾರದಲ್ಲಿ ಮತ್ತೆ ಮೂಡುತ್ತಿತ್ತು. ಆ ಗೆರೆ ಇನ್ನೂ ಒಣಗುವ ಮುಂಚೆಯೇ ಪಟ್ಟಣ ಪಂಚಾಯಿತಿ ಚುನಾವಣೆ ಬಂತು. ಬೇರೆ ಜಿಲ್ಲೆಗಳಲ್ಲಿ ಆಗಸ್ಟ್ ಕೊನೆಗೇ ಮುಗಿದಿದ್ದ ಸ್ಥಳೀಯ ಸಂಸ್ಥೆ ಮತದಾನ, ಮಳೆ ಮತ್ತು ಗುಡ್ಡ ಕುಸಿತದ ಕಾರಣಕ್ಕೆ ಕೊಡಗಿನಲ್ಲಿ ಅಕ್ಟೋಬರ್‌ಗೆ ಹೋಗಿತ್ತು. ನಮ್ಮ ಪಕ್ಕದ ಬೀದಿಯ ಅಕ್ಕ ಒಬ್ಬರು ಪಕ್ಷೇತರರಾಗಿ ನಿಂತರು. ಅವರ ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದವನು ನಾನು. ಊರಿನ ಆಡಳಿತದ ಬಗ್ಗೆ ನನಗೆ ತಿಳಿದಿರುವುದರಲ್ಲಿ ಮುಕ್ಕಾಲು ಪಾಲು ಆ ಮೂರು ವಾರದಲ್ಲಿ ಕಲಿತದ್ದು.

ಈಗ ಕುಶಾಲನಗರ ಪುರಸಭೆ. ಪಕ್ಕದ ಮುಳ್ಳುಸೋಗೆ ಗ್ರಾಮ ಪಂಚಾಯಿತಿಯೂ ಸೇರಿಕೊಂಡಿದೆ, ಊರು ತಾಲ್ಲೂಕು ಕೇಂದ್ರವೂ ಆಗಿದೆ. "ಈ ಸಲ ನಾನೂ ಒಂದು ಕೈ ನೋಡ್ತೀನಿ" ಅನ್ನುವವರು ಟೀ ಅಂಗಡಿಗೆ ಒಬ್ಬರಂತೆ ಸಿಗುತ್ತಾರೆ. ನಿಲ್ಲುವುದು ಸುಲಭ. ಎಲ್ಲಿಗೆ ನಿಲ್ಲುತ್ತಿದ್ದೇವೆ ಅನ್ನುವುದು ಮಾತ್ರ ಹೆಚ್ಚಿನವರಿಗೆ ಸ್ಪಷ್ಟ ಇರುವುದಿಲ್ಲ.

ಮೊದಲು ಹೆಸರುಗಳ ಗೊಂದಲ ಬಗೆಹರಿಸೋಣ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಊರುಗಳನ್ನು ಮುಖ್ಯವಾಗಿ ಜನಸಂಖ್ಯೆ ನೋಡಿ ವಿಂಗಡಿಸುತ್ತದೆ. ಹತ್ತರಿಂದ ಇಪ್ಪತ್ತು ಸಾವಿರದವರೆಗೆ ಪಟ್ಟಣ ಪಂಚಾಯಿತಿ, ಇಪ್ಪತ್ತರಿಂದ ಐವತ್ತು ಸಾವಿರದವರೆಗೆ ಪುರಸಭೆ, ಅದರ ಮೇಲೆ ನಗರಸಭೆ. ಐವತ್ತು ಸಾವಿರ ಇಲ್ಲದಿದ್ದರೂ ಜಿಲ್ಲಾ ಕೇಂದ್ರವಾದ ಮಡಿಕೇರಿ ನಗರಸಭೆ. ವಿರಾಜಪೇಟೆ, ಕುಶಾಲನಗರ ಎರಡೂ ಪಟ್ಟಣ ಪಂಚಾಯಿತಿಯಿಂದ ಪುರಸಭೆಗೆ ಏರಿದ ಊರುಗಳು. ಬೋರ್ಡು ಬದಲಾದರೆ ಸದಸ್ಯರ ಸಂಖ್ಯೆ, ಸಿಬ್ಬಂದಿ, ಖರ್ಚಿನ ಮಿತಿ ಎಲ್ಲ ಬದಲಾಗುತ್ತವೆ. ಸದಸ್ಯರ ಅಧಿಕಾರದ ಸ್ವರೂಪ ಹೆಚ್ಚುಕಮ್ಮಿ ಅದೇ.

ಇಂಥ ಚುನಾವಣೆ ಭಾರತ ಚುನಾವಣಾ ಆಯೋಗ ನಡೆಸುವುದಲ್ಲ, ರಾಜ್ಯ ಚುನಾವಣಾ ಆಯೋಗ ನಡೆಸುವುದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಅದು. ಅದೇ ತಿದ್ದುಪಡಿ ನಿಲ್ಲುವ ವಯಸ್ಸನ್ನು 21ಕ್ಕೆ ಇಳಿಸಿದ್ದು. ಎಂಎಲ್‌ಎ ಆಗಲು 25 ಬೇಕು, ವಾರ್ಡಿನ ಮೆಂಬರ್ ಆಗಲು 21 ಸಾಕು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಪಟ್ಟಣದಲ್ಲಿ ಇರುತ್ತದೆ. ಹಾಗಾಗಿ ಮುಳ್ಳುಸೋಗೆ ಕಡೆಯವರಿಗೆ, ನಿನ್ನೆಯವರೆಗೆ ಆಟೋ, ಹೊಲಿಗೆ ಯಂತ್ರ ನೋಡಿ ಮತ ಹಾಕಿದವರಿಗೆ, ಈಗ ಕಮಲ, ಕೈ, ತೆನೆ ಹೊತ್ತ ಮಹಿಳೆ ಎದುರಾಗುತ್ತವೆ.

ಇನ್ನು ಲೆಕ್ಕ. 2011ರ ಜನಗಣತಿಯಲ್ಲಿ ಕುಶಾಲನಗರದ ಜನಸಂಖ್ಯೆ 15 ಸಾವಿರ ದಾಟಿತ್ತು. 2018ರ ಚುನಾವಣೆಯಲ್ಲಿ ಇದ್ದದ್ದು 16 ವಾರ್ಡು. ಭಾಗಿಸಿ ನೋಡಿ: ಜನಗಣತಿಯ ಲೆಕ್ಕದಲ್ಲಿ ಒಂದು ವಾರ್ಡಿಗೆ ಸಾವಿರದ ಆಸುಪಾಸು ಜನ. ಮಕ್ಕಳನ್ನು ಕಳೆದರೆ ಏಳು ನೂರು ಮತದಾರರು ಅಂದುಕೊಳ್ಳಿ. ಬರುವವರು ಐನೂರು, ಕಣದಲ್ಲಿ ನಾಲ್ವರು ಇದ್ದರೆ ನೂರ ಎಂಬತ್ತು ಇನ್ನೂರು ಮತಕ್ಕೆ ಗೆದ್ದುಬಿಡಬಹುದು. ಇದು ಭಾಷಣದ ಚುನಾವಣೆ ಅಲ್ಲ, ಮನೆ ಎಣಿಕೆಯ ಚುನಾವಣೆ. ಯಾವ ಮನೆಯಲ್ಲಿ ಎಷ್ಟು ಓಟು, ಅದರಲ್ಲಿ ಬೆಂಗಳೂರಿನಲ್ಲಿರುವ ಮಗ ಬರುತ್ತಾನಾ, ಮದುವೆಯಾಗಿ ಹೋದ ಮಗಳ ಹೆಸರು ಪಟ್ಟಿಯಲ್ಲಿ ಇನ್ನೂ ಇದೆಯಾ, ಇದೆಲ್ಲ ಬಾಯಿಪಾಠ ಬರಬೇಕು.

ಪಟ್ಟಿಯ ವಿಷಯ ಇನ್ನೊಂದು ಸ್ವಲ್ಪ ಹೇಳಬೇಕು. ವಾರ್ಡಿನ ಮತದಾರರ ಪಟ್ಟಿಯನ್ನು ಹೊಸದಾಗಿ ಬರೆಯುವುದಿಲ್ಲ, ವಿಧಾನಸಭಾ ಪಟ್ಟಿಯನ್ನೇ ವಾರ್ಡುವಾರು ಒಡೆಯುತ್ತಾರೆ. ಒಡೆಯುವಾಗ ಗಡಿಯ ಮನೆಗಳು ಜಾರುತ್ತವೆ. ನಮ್ಮ ಅಕ್ಕನ ಬೀದಿಯ ಎಡಸಾಲು ಒಂದು ವಾರ್ಡಿಗೆ, ಬಲಸಾಲು ಇನ್ನೊಂದಕ್ಕೆ ಬರಬೇಕಿತ್ತು. ಎಡಸಾಲಿನ ಕೊನೆಯ ಮೂರು ಮನೆಯವರು ಮತ್ತೊಂದು ವಾರ್ಡಿನ ಪಟ್ಟಿಯಲ್ಲಿ ಕೂತಿದ್ದರು. ಹನ್ನೊಂದು ಓಟು. ಕರಡು ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದಾಗ ನಾವ್ಯಾರೂ ನೋಡಿರಲಿಲ್ಲ, ಆಕ್ಷೇಪಣೆಯ ದಿನಗಳು ಮುಗಿದ ಮೇಲೆ ಗೊತ್ತಾಯಿತು. ತಪ್ಪು ನಮ್ಮದೇ. ಆ ಹನ್ನೊಂದರ ಕತೆ ಮುಂದೆ ಬರುತ್ತದೆ.

ಮೀಸಲಾತಿ ಇಲ್ಲಿ ಎಲ್ಲಕ್ಕಿಂತ ದೊಡ್ಡ ಅದೃಷ್ಟದಾಟ. ಪರಿಶಿಷ್ಟ ಜಾತಿ, ಪಂಗಡಕ್ಕೆ ಊರಿನ ಜನಸಂಖ್ಯೆಯಲ್ಲಿ ಅವರ ಪಾಲಿಗೆ ತಕ್ಕಷ್ಟು ಸ್ಥಾನ. ಹಿಂದುಳಿದ ವರ್ಗ 'ಎ' ಮತ್ತು 'ಬಿ' ಬೇರೆ. ಇವೆಲ್ಲದರ ಒಳಗೂ, ಸಾಮಾನ್ಯ ಸ್ಥಾನದೊಳಗೂ ಅರ್ಧ ಮಹಿಳೆಯರಿಗೆ. ಹದಿನಾರು ವಾರ್ಡಿದ್ದರೆ ಎಂಟು ಕಡೆ ಹೆಂಗಸರೇ ನಿಲ್ಲಬೇಕು. ಯಾವ ವಾರ್ಡು ಯಾರಿಗೆ ಅನ್ನುವುದು ಸರದಿಯ ಮೇಲೆ ತಿರುಗುತ್ತದೆ, ಸರ್ಕಾರ ಮೊದಲು ಕರಡು ಹೊರಡಿಸಿ ಆಕ್ಷೇಪಣೆ ಕೇಳಿ ಆಮೇಲೆ ಅಂತಿಮ ಮಾಡುತ್ತದೆ. ಐದು ವರ್ಷ ಒಂದು ವಾರ್ಡಿನಲ್ಲಿ ಓಡಾಡಿ ಎಲ್ಲರ ಸಾವು ಮದುವೆಗೆ ಹೋಗಿ ಹೆಸರು ಮಾಡಿಕೊಂಡವನಿಗೆ ಒಂದು ಬೆಳಿಗ್ಗೆ ಆ ವಾರ್ಡು 'ಹಿಂದುಳಿದ ವರ್ಗ ಎ ಮಹಿಳೆ' ಅಂತ ಕಾಣಿಸಬಹುದು. ಆಗ ಎರಡು ದಾರಿ. ಊರಿನ ಯಾವುದೇ ವಾರ್ಡಿನ ಮತದಾರನಾಗಿದ್ದರೂ ಮತ್ತೊಂದು ವಾರ್ಡಿನಿಂದ ನಿಲ್ಲಬಹುದು, ಅದೊಂದು. ಹೆಂಡತಿಯನ್ನು ನಿಲ್ಲಿಸಿ ತಾನೇ ಮೀಟಿಂಗ್ ಹಾಲ್ ಬಾಗಿಲಲ್ಲಿ ಫೈಲು ಹಿಡಿದು ನಿಲ್ಲುವುದು ಇನ್ನೊಂದು. ಎರಡನೆಯದು ನಮ್ಮಲ್ಲಿ ಜಾಸ್ತಿ. ಆದರೆ ಹೀಗೆ ಗಂಡನ ಹೆಸರಲ್ಲಿ ಬಂದವರೇ ಎರಡನೇ ವರ್ಷಕ್ಕೆ "ನೀವು ಸುಮ್ನಿರಿ, ನಾನು ಮಾತಾಡ್ತೀನಿ" ಅಂದದ್ದನ್ನೂ ನೋಡಿದ್ದೇನೆ.

ಕಾಗದಪತ್ರ ಹೆಚ್ಚಿಲ್ಲ, ಆದರೆ ಎಡವುವುದು ಅಲ್ಲೇ. ಅದೇ ವಾರ್ಡಿನ ಮತದಾರರೊಬ್ಬರು ಸೂಚಕರಾಗಬೇಕು. ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರ. ಆಸ್ತಿ, ಸಾಲ, ವಿದ್ಯಾಭ್ಯಾಸ, ಇರುವ ಕೇಸುಗಳ ಪ್ರಮಾಣಪತ್ರ, ನೋಟರಿ ಮುಂದೆ. ಪಕ್ಷದವರಾದರೆ ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡುವ ಪತ್ರ, ಅದು ಕೊನೆಯ ದಿನ ಮಧ್ಯಾಹ್ನದವರೆಗೂ ಯಾರ ಜೇಬಿನಲ್ಲಿದೆ ಅಂತ ಗೊತ್ತಾಗುವುದಿಲ್ಲ. ಠೇವಣಿ ದೊಡ್ಡ ಮೊತ್ತವಲ್ಲ, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಅರ್ಧ. ಸರ್ಕಾರಿ ನೌಕರಿಯಲ್ಲಿರುವವರು, ಆ ಸಂಸ್ಥೆಯದೇ ಗುತ್ತಿಗೆ ಕೆಲಸ ಹಿಡಿದವರು ನಿಲ್ಲುವಂತಿಲ್ಲ. ಕಂದಾಯ, ನೀರಿನ ಬಿಲ್ಲು ಬಾಕಿ ಇಟ್ಟುಕೊಂಡು ಹೋದರೆ ಎದುರಾಳಿಗೆ ತಕರಾರು ಎತ್ತಲು ನೀವೇ ಕೋಲು ಕೊಟ್ಟಂತೆ. ಅಕ್ಕ ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ, ಶೇ. 5 ರಿಯಾಯಿತಿ ಇರುವಾಗಲೇ ಕಟ್ಟುವವರು. ಆದರೆ ರಶೀದಿಗಳನ್ನು ಇಟ್ಟಿದ್ದ ಟ್ರಂಕು ಪ್ರವಾಹದಲ್ಲಿ ನೆನೆದಿತ್ತು. ಒಂದಕ್ಕೊಂದು ಅಂಟಿದ ಕಾಗದಗಳನ್ನು ತಟ್ಟೆಯಲ್ಲಿ ಹರಡಿ, ಫ್ಯಾನ್ ಕೆಳಗೆ ಒಣಗಿಸಿ, ಶಾಯಿ ಉಳಿದದ್ದನ್ನು ಆರಿಸಿದೆವು. ಉಳಿದದ್ದಕ್ಕೆ ಬಾಕಿ ಇಲ್ಲವೆಂಬ ಪತ್ರ ಬರೆಸಿಕೊಂಡು ಬಂದೆವು. ನಾಮಪತ್ರಕ್ಕಿಂತ ಆ ಪತ್ರಕ್ಕೇ ಹೆಚ್ಚು ಅಲೆದದ್ದು.

ಆಮೇಲೆ ಪ್ರಚಾರ. ಕುಶಾಲನಗರದ ಬೆಳಗು ಬೇಗ ಖಾಲಿಯಾಗುತ್ತದೆ. ತೋಟಕ್ಕೆ ಹೋಗುವ ಹೆಂಗಸರು ಏಳು ಗಂಟೆಗೇ ಜೀಪು ಹತ್ತಿರುತ್ತಾರೆ, ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ಕೆಲಸದವರು ಎಂಟೂವರೆಗೆ ಹೊರಟಿರುತ್ತಾರೆ. ಹತ್ತು ಗಂಟೆಗೆ ಕೈಮುಗಿಯುತ್ತ ಹೋದರೆ ಸಿಗುವುದು ಅಜ್ಜಿಯರು ಮತ್ತು ನಾಯಿಗಳು. ಹಾಗಾಗಿ ಸಂಜೆ ಆರರಿಂದ ಒಂಬತ್ತು. ಒಂದೇ ಬೀದಿಯಲ್ಲಿ ಕನ್ನಡ, ಮಲಯಾಳಂ, ತಮಿಳು, ಅರೆಭಾಷೆ, ಕೊಡವ ತಕ್ಕ್, ತುಳು ಎಲ್ಲ ಕೇಳಿಸುವ ಊರು ಇದು. ಅಕ್ಕ ಎಲ್ಲ ಭಾಷೆಯಲ್ಲೂ ಎರಡೆರಡು ವಾಕ್ಯ ಕಲಿತಿದ್ದರು: "ನಿಮ್ಮ ಮನೆಗೆ ಎಷ್ಟು ನೀರು ಬಂದಿತ್ತು?" ಅದು ಒಂದು. "ಓಟು ಹಾಕಿ" ಅನ್ನುವುದು ಇನ್ನೊಂದು. ಮೊದಲನೆಯದನ್ನು ಕೇಳಿದ ಮೇಲೆ ಎರಡನೆಯದಕ್ಕೆ ಸಮಯವೇ ಸಿಗುತ್ತಿರಲಿಲ್ಲ.

ಯಾಕೆಂದರೆ ಜನ ಕೇಳುತ್ತಿದ್ದದ್ದು ಒಂದೇ. "ಪರಿಹಾರದ ದುಡ್ಡು ಯಾವಾಗ ಬರುತ್ತೆ ಅಕ್ಕ?" ಗೋಡೆಯ ಗೆರೆ ತೋರಿಸುತ್ತಿದ್ದರು, ಉಬ್ಬಿದ ಬೀರು ಬಾಗಿಲು ತೋರಿಸುತ್ತಿದ್ದರು. ಪರಿಹಾರ ಪಟ್ಟಣ ಪಂಚಾಯಿತಿಯ ಕೈಲಿ ಇಲ್ಲ. ಹಾನಿಯ ಸರ್ವೆ ಮಾಡಿಸುವುದು, ಹಣ ಖಾತೆಗೆ ಹಾಕುವುದು ಕಂದಾಯ ಇಲಾಖೆ, ಅಂದರೆ ತಹಸೀಲ್ದಾರರು. ಆಗ ಕುಶಾಲನಗರ ತಾಲ್ಲೂಕು ಆಗಿರಲಿಲ್ಲ, ಆ ಕಚೇರಿ ಸೋಮವಾರಪೇಟೆಯಲ್ಲಿತ್ತು. ಬೇರೆ ಅಭ್ಯರ್ಥಿಗಳು "ನಾನು ಗೆದ್ದರೆ ಮೊದಲ ಕೆಲಸವೇ ಅದು" ಅನ್ನುತ್ತಿದ್ದರು. ಅಕ್ಕ "ಅದು ನನ್ನ ಕೈಲಿ ಇಲ್ಲ, ತಹಸೀಲ್ದಾರ್ ಆಫೀಸಲ್ಲಿ ಅರ್ಜಿ ಕೊಡಬೇಕು, ನಾನೇ ಬರೆದುಕೊಡ್ತೀನಿ" ಅನ್ನುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು. ಹೀಗೆ ಹೇಳಿದರೆ ಯಾರು ಓಟು ಹಾಕುತ್ತಾರೆ?

ಆದರೆ ವಿಷಯದ ತಿರುಳು ಅಲ್ಲೇ ಇದೆ. ನದಿ ದಡದ ಊರಿನಲ್ಲಿ ಯಾವ ಕೆಲಸ ಯಾರದ್ದು ಅನ್ನುವುದು ಸಲೀಸಾಗಿ ಗೊತ್ತಾಗುವುದಿಲ್ಲ. ಒಂದು ಮಳೆಗಾಲದ ನೀರನ್ನೇ ಹಿಂಬಾಲಿಸಿ ನೋಡಿ. ಭಾಗಮಂಡಲದ ಕಡೆ ಮೂರು ದಿನ ಬಿಡದೆ ಸುರಿದರೆ ಕಾವೇರಿ ನಾಪೋಕ್ಲು, ನೆಲ್ಯಹುದಿಕೇರಿ, ದುಬಾರೆ ದಾಟಿ ಕುಶಾಲನಗರಕ್ಕೆ ಬರುವಾಗ ದಡ ಮುಟ್ಟಿರುತ್ತದೆ. ಊರಿನ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುತ್ತದೆ, ಹೆಸರೇ ಹೇಳುವ ಹಾಗೆ. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ, ಹಿಡಿಯುವ ನೀರು ಎಂಟೂವರೆ ಟಿಎಂಸಿ. ಅದು ತುಂಬಿ ಗೇಟು ತೆಗೆದ ದಿನ ಕೆಳಗೆ ಎರಡು ಹೊಳೆಗಳ ನೀರು ಒತ್ತರಿಸುತ್ತದೆ, ಮೇಲಿನದು ಸರಾಗವಾಗಿ ಇಳಿಯುವುದಿಲ್ಲ ಅನ್ನುವುದು ದಡದವರ ಅನುಭವ. ಗೇಟು ಯಾವಾಗ, ಎಷ್ಟು ತೆಗೆಯಬೇಕು ಅನ್ನುವುದು ನೀರಾವರಿಯವರ ನಿರ್ಧಾರ. ಹೊಳೆಯ ಹೂಳು ತೆಗೆಯುವುದು, ದಡಕ್ಕೆ ತಡೆಗೋಡೆ ಕಟ್ಟುವುದು ರಾಜ್ಯ ಸರ್ಕಾರದ ದುಡ್ಡಿಲ್ಲದೆ ಆಗದ ಮಾತು. ಆಚೆ ದಡದ ಕೊಪ್ಪ ಬೇರೆ ಜಿಲ್ಲೆ, ಮೈಸೂರಿನ ಪಿರಿಯಾಪಟ್ಟಣ ತಾಲ್ಲೂಕು. ಸೇತುವೆಯ ಮೇಲಿನ ರಸ್ತೆ ರಾಷ್ಟ್ರೀಯ ಹೆದ್ದಾರಿ 275. ತಗ್ಗಿನ ಜಾಗವನ್ನು ಸೈಟು ಮಾಡಲು ಭೂ ಪರಿವರ್ತನೆಯ ಆದೇಶ ಜಿಲ್ಲಾಡಳಿತದ್ದು, ಬಡಾವಣೆ ನಕ್ಷೆಗೆ ಒಪ್ಪಿಗೆ ನಗರಾಭಿವೃದ್ಧಿ ಪ್ರಾಧಿಕಾರ 'ಕುಡಾ'ದ್ದು. ಒಳಚರಂಡಿ ಪೈಪು ಹಾಕುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕರೆಂಟು ವಿದ್ಯುತ್ ಕಂಪನಿ ಸೆಸ್ಕ್‌ನದ್ದು.

ಹಾಗಾದರೆ ಮೆಂಬರ್‌ಗೆ ಉಳಿದದ್ದೇನು? ಬೀದಿಯ ಚರಂಡಿ. ಇದನ್ನು ಹೇಳಿದರೆ ಜನ ನಗುತ್ತಾರೆ, ಆದರೆ ಪ್ರವಾಹದ ದಿನ ಮನೆಯೊಳಗೆ ನೀರು ಮೊದಲು ಬರುವುದು ದಡ ಹಾರಿ ಅಲ್ಲ. ಮಳೆನೀರನ್ನು ಹೊಳೆಗೆ ಸಾಗಿಸಲು ಮಾಡಿದ ಚರಂಡಿಯಲ್ಲೇ ಹೊಳೆ ನೀರು ಹಿಂದಕ್ಕೆ ಬರುತ್ತದೆ. ಆ ಚರಂಡಿಯ ಬಾಯಿ ಎಲ್ಲಿದೆ, ಅದರಲ್ಲಿ ಯಾರು ಕಟ್ಟಡದ ಕಸ ತುಂಬಿದ್ದಾರೆ, ಯಾವ ಮೋರಿಯ ಮೇಲೆ ಯಾರು ಮೆಟ್ಟಿಲು ಕಟ್ಟಿಕೊಂಡಿದ್ದಾರೆ ಅನ್ನುವುದು ಮೇ ತಿಂಗಳಲ್ಲೇ ಗೊತ್ತಿರಬೇಕಾದ ಸಂಗತಿ. ಅದನ್ನು ಬಿಡಿಸುವುದು ಸ್ಥಳೀಯ ಸಂಸ್ಥೆಯ ಕೆಲಸ. ಜೊತೆಗೆ ಕಸ, ಬೀದಿದೀಪ, ಕುಡಿಯುವ ನೀರು, ಸಂತೆ ಮಾರುಕಟ್ಟೆ, ಸ್ಮಶಾನ, ವ್ಯಾಪಾರದ ಪರವಾನಗಿ, ಜನನ ಮರಣ ನೋಂದಣಿ. ಖಾತೆ ವಿಷಯಕ್ಕಂತೂ ದಿನಕ್ಕೆ ಹತ್ತು ಜನ ಬರುತ್ತಾರೆ. 2025ರ ಫೆಬ್ರವರಿಯಲ್ಲಿ, ಅನಧಿಕೃತ ಬಡಾವಣೆಗಳ ಆಸ್ತಿಗೂ ಖಾತೆ ಕೊಡುವ ಬಿ-ಖಾತಾ ಅಭಿಯಾನ ಶುರುವಾದ ಮೇಲೆ ಇನ್ನೂ ಜಾಸ್ತಿ. ಖಾತೆ ಮಾಡಿಕೊಡುವುದು ಮುಖ್ಯಾಧಿಕಾರಿಯ ಸಹಿ, ಮೆಂಬರ್ ಮಾಡಬಹುದಾದ್ದು ಫೈಲು ಯಾವ ಮೇಜಿನಲ್ಲಿ ಮಲಗಿದೆ ಅಂತ ಕೇಳುವುದು ಮಾತ್ರ.

ದುಡ್ಡಿನ ವಿಷಯದಲ್ಲೂ ಅಷ್ಟೇ. ಮೆಂಬರ್ ಕೈಗೆ ಚೆಕ್‌ಬುಕ್ ಕೊಡುವುದಿಲ್ಲ. ಊರಿಗೆ ಬರುವ ಅನುದಾನಕ್ಕೆ ಮೊದಲೇ ಲಗಾಮು ಇರುತ್ತದೆ. 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಇಂಥ ಸಣ್ಣ ಊರುಗಳಿಗೆ ಶೇ. 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ರಾಜ್ಯದ ಅನುದಾನ, ಸ್ವಂತ ನಿಧಿಯಲ್ಲಿ ಪರಿಶಿಷ್ಟರಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ತೆಗೆದಿಡಬೇಕು. ಸಭೆಯಲ್ಲಿ ಕ್ರಿಯಾಯೋಜನೆ ಓದುವಾಗ 'ಇಪ್ಪತ್ನಾಲ್ಕು ಹತ್ತು' ಅಂತ ಕೇಳಿಸಿದರೆ ಅದು ಇದೇ. ಉಳಿದದ್ದು ಸ್ವಂತ ಆದಾಯ: ಮನೆ ಕಂದಾಯ, ಅಂಗಡಿ ಮಳಿಗೆ ಬಾಡಿಗೆ, ನೀರಿನ ಶುಲ್ಕ. ಅದರಲ್ಲಿ ಹದಿನಾರು ಜನ ತಂತಮ್ಮ ವಾರ್ಡಿಗೆ ಎಳೆದಾಡುತ್ತಾರೆ. ಗಟ್ಟಿ ದನಿಯವರಿಗಿಂತ ಕ್ರಿಯಾಯೋಜನೆಯನ್ನು ಸಭೆಗೆ ಮುಂಚೆ ಓದಿಕೊಂಡು ಬಂದವರಿಗೆ ಹೆಚ್ಚು ಸಿಗುತ್ತದೆ ಅನ್ನುವುದು ನಾನು ಕಂಡದ್ದು.

ಪ್ರಚಾರದ ಖರ್ಚಿಗೂ ಮಿತಿ ಇದೆ. ಆ ಚುನಾವಣೆಯಲ್ಲಿ ಪಟ್ಟಣ ಪಂಚಾಯಿತಿಗೆ 1 ಲಕ್ಷ, ಪುರಸಭೆಗೆ ಒಂದೂವರೆ ಲಕ್ಷ, ನಗರಸಭೆಗೆ 2 ಲಕ್ಷ ರೂಪಾಯಿ ಇತ್ತು. ಏಳು ನೂರು ಓಟಿನ ವಾರ್ಡಿಗೆ 1 ಲಕ್ಷ ಅಂದರೆ ತಲೆಗೆ ನೂರ ನಲವತ್ತು ರೂಪಾಯಿ, ನಿಜವಾಗಿ ನೋಡಿದರೆ ಸಾಕಷ್ಟಾಯಿತು. ನಡೆಯುವುದು ಬೇರೆ, ಅದನ್ನು ಇಲ್ಲಿ ಬರೆದು ಯಾರಿಗೂ ಹೊಸದಾಗಿ ತಿಳಿಸಬೇಕಾಗಿಲ್ಲ. ಸೋತವರೂ ಲೆಕ್ಕ ಕೊಡಬೇಕು ಅನ್ನುವುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಕೊಡದಿದ್ದರೆ ಮುಂದಿನ ಸಲ ನಿಲ್ಲುವ ಹಕ್ಕಿಗೇ ಕುತ್ತು.

ಗೆದ್ದ ಮೇಲೆ? ಗೆದ್ದ ಮೇಲೆ ಕುರ್ಚಿ ಸಿಗುತ್ತದೆ ಅಂದುಕೊಂಡರೆ 2018ರಲ್ಲಿ ಗೆದ್ದವರನ್ನು ಕೇಳಿ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿಯನ್ನು ಇಡೀ ರಾಜ್ಯಕ್ಕೆ ಒಟ್ಟಿಗೆ ನಿಗದಿ ಮಾಡುತ್ತಾರೆ. ಆ ಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ಪ್ರಮಾಣಪತ್ರ ಕೈಯಲ್ಲಿ ಹಿಡಿದ ಸದಸ್ಯರು 2020ರ ಕೊನೆಯವರೆಗೆ ಕಾದರು. ನಡುವೆ 2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೊಮ್ಮೆ ಬಡಾವಣೆಗಳಿಗೆ ಬಂದು ಹೋಯಿತು, ಆಡಳಿತ ಆಡಳಿತಾಧಿಕಾರಿಯ ಕೈಯಲ್ಲೇ ಇತ್ತು. ಐದು ವರ್ಷದ ಅವಧಿ ಶುರುವಾಗುವುದು ಗೆದ್ದ ದಿನದಿಂದ ಅಲ್ಲ, ಮೊದಲ ಸಭೆಯ ದಿನದಿಂದ. ಹಾಗಾಗಿ ಅವಧಿ ನಷ್ಟವಾಗಲಿಲ್ಲ, ಉತ್ಸಾಹ ನಷ್ಟವಾಯಿತು.

ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಆಯ್ಕೆ ಸಭೆಯಲ್ಲಿ ಕೈ ಎತ್ತುವ ಮೂಲಕ. ಸದಸ್ಯರ ಜೊತೆ ಆ ಕ್ಷೇತ್ರದ ಶಾಸಕರು, ಸಂಸದರಿಗೂ ಮತ ಇದೆ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರಿಗೆ ಇಲ್ಲ. ಹದಿನಾರು ಸದಸ್ಯರ ಸಭೆ ಎಂಟು ಎಂಟಾಗಿ ಒಡೆದರೆ ಆ ಎರಡು ಮತವೇ ಊರಿನ ಅಧ್ಯಕ್ಷರನ್ನು ತೀರ್ಮಾನಿಸುತ್ತದೆ. ಪಕ್ಷದ ವಿಪ್, ಅಂದರೆ ಯಾರಿಗೆ ಮತ ಹಾಕಬೇಕು ಅನ್ನುವ ಆದೇಶ, ಮೀರಿ ಕೈ ಎತ್ತಿದವರ ಸದಸ್ಯತ್ವ ಹೋಗುವಂತೆ 1987ರದ್ದೇ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಪಕ್ಷೇತರರ ಬೆಲೆ ಏರುವುದು ಈ ದಿನ ಮಾತ್ರ. ಆ ದಿನಕ್ಕಾಗಿಯೇ ನಿಲ್ಲುವವರೂ ಇದ್ದಾರೆ, ಅವರನ್ನು ಗುರುತಿಸುವುದು ಕಷ್ಟವಲ್ಲ: ಅವರಿಗೆ ತಮ್ಮ ವಾರ್ಡಿನ ಚರಂಡಿಯ ಬಾಯಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ.

ಅಕ್ಕ ಸೋತರು. ಒಂಬತ್ತು ಓಟಿಗೆ. ಪಟ್ಟಿಯಲ್ಲಿ ಜಾರಿಹೋದ ಹನ್ನೊಂದು ಓಟು ಇದ್ದಿದ್ದರೆ ಅಂತ ನಾನು ಇವತ್ತಿಗೂ ಲೆಕ್ಕ ಹಾಕುತ್ತೇನೆ, ಅವರು ಹಾಕುವುದಿಲ್ಲ. ಎಣಿಕೆ ಮುಗಿದ ಮರುದಿನ ಸಂಜೆ ನಾನು ಸಮಾಧಾನ ಹೇಳಲು ಹೋದೆ. ಜಗಲಿಯಲ್ಲಿ ನಾಲ್ಕು ಹೆಂಗಸರು ಸಾಲಾಗಿ ಕೂತಿದ್ದರು. ಅಕ್ಕ ಮೊಣಕಾಲಿನ ಮೇಲೆ ರಟ್ಟು ಇಟ್ಟುಕೊಂಡು ತಹಸೀಲ್ದಾರರಿಗೆ ಅರ್ಜಿ ಬರೆಯುತ್ತಿದ್ದರು. ನನ್ನನ್ನು ನೋಡಿ, "ಬಂದ್ಯಾ, ಆ ಕಡೆ ಬೆಂಚಲ್ಲಿ ಇರೋ ಆಧಾರ್ ಜೆರಾಕ್ಸ್ ಎಲ್ಲ ಜೋಡಿಸಿ ಪಿನ್ ಹೊಡಿ" ಅಂದರು.